ಚರ್ಚಾಸ್ಪರ್ಧೆಯಿಂದ ಬಂದವರೆಲ್ಲ ಹುಟ್ಟು ಮಾತುಗಾರರೇ?

ಪ್ರಶ್ನೆ: ಶಾಲೆಯ ಭಾಷಣ, ಚರ್ಚಾಸ್ಪರ್ಧೆಗಳಲ್ಲಿ ಭಾಗವಹಿಸಿ ಮುಂದೆ ಹೆಸರಾದ ಅಮೆರಿಕನ್ನರು ಯಾರು? ಅವರೆಲ್ಲ ಹುಟ್ಟಿನಿಂದಲೇ ವಾಗ್ಮಿಗಳಲ್ಲವೇ? ನನ್ನ ಮಗಳಿಗೆ ನಾಲ್ಕು ಜನರ ಮುಂದೆ ನಿಂತರೆ ಗಂಟಲು ಕಟ್ಟುತ್ತದೆ.

ಉತ್ತರ: ಪ್ರತಿಭಾ ಕಾರಂಜಿಯ ದಿನಗಳು ಹತ್ತಿರವಾದಂತೆ ಈ ಪ್ರಶ್ನೆ ಪ್ರತಿವರ್ಷವೂ ಬರುತ್ತದೆ. ಹೆಸರುಗಳನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಲ್ಲೇ ಸೋನಿಯಾ ಸೊಟೊಮೇಯರ್, ಸ್ಯಾಮ್ಯುಯೆಲ್ ಅಲಿಟೊ, ಕೆಟಾಂಜಿ ಬ್ರೌನ್ ಜಾಕ್ಸನ್ ಮತ್ತು ನಿವೃತ್ತರಾದ ಸ್ಟೀಫನ್ ಬ್ರೇಯರ್ ಇದ್ದಾರೆ. ಸೆನೆಟರ್ ಎಲಿಜಬೆತ್ ವಾರೆನ್ ಹದಿನಾರನೆಯ ವಯಸ್ಸಿಗೆ ಚರ್ಚಾಪಟುವಿನ ವಿದ್ಯಾರ್ಥಿವೇತನದ ಮೇಲೆ ಕಾಲೇಜು ಸೇರಿದರು. ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ಅವರ ಕಾಲೇಜಿನ ದಾರಿಯೂ ಭಾಷಣಸ್ಪರ್ಧೆಯಿಂದಲೇ ತೆರೆಯಿತು. ಅಂದ ಹಾಗೆ, ಅಲ್ಲಿ ಈ ಚಟುವಟಿಕೆಗೆ ‘ಫೊರೆನ್ಸಿಕ್ಸ್’ ಎಂಬ ಹೆಸರಿದೆ. 1925ರಲ್ಲಿ ಹುಟ್ಟಿದ ಶಾಲಾ ಚರ್ಚಾಸಂಘಟನೆಯ ಹೆಸರು ಕೂಡ ನ್ಯಾಷನಲ್ ಫೊರೆನ್ಸಿಕ್ ಲೀಗ್ ಎಂದೇ ಇತ್ತು. ರಕ್ತದ ಕಲೆ ಪರೀಕ್ಷಿಸುವ ಪ್ರಯೋಗಾಲಯಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಹಲವು ಸಲ ಹೇಳಿದ್ದೇನೆ, ಇನ್ನೊಮ್ಮೆ ಹೇಳುತ್ತಿದ್ದೇನೆ.

ಇನ್ನು ‘ಹುಟ್ಟು ವಾಗ್ಮಿ’ ಎಂಬ ಮಾತು. ಎಷ್ಟು ಬಾರಿ ಕಿತ್ತರೂ ಗರಿಕೆಯಂತೆ ಮತ್ತೆ ಚಿಗುರುವ ನಂಬಿಕೆಯಿದು. ಸೊಟೊಮೇಯರ್ ಬೆಳೆದ ಮನೆಯ ಮಾತು ಸ್ಪ್ಯಾನಿಷ್. ಬ್ರಾಂಕ್ಸ್‌ನ ಪ್ರೌಢಶಾಲೆಯ ಚರ್ಚಾತಂಡದಲ್ಲಿ ಪಳಗಿದ ಮೇಲೂ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಹೋದಾಗ ಅವರ ಇಂಗ್ಲಿಷ್ ಬರವಣಿಗೆಯ ತಪ್ಪುಗಳು ಅಧ್ಯಾಪಕರ ಕಣ್ಣಿಗೆ ಬಿದ್ದವು. ಅವರು ವ್ಯಾಕರಣದ ಪುಸ್ತಕಗಳನ್ನು ತಂದುಕೊಂಡು ಬೇಸಿಗೆ ರಜೆಯಲ್ಲಿ ಕುಳಿತು ಓದಿದರು. ಹುಟ್ಟಿನಿಂದ ಬಂದದ್ದಾದರೆ ಈ ಓದು ಏಕೆ ಬೇಕಿತ್ತು?

ಅದಕ್ಕಿಂತ ದೊಡ್ಡ ಉದಾಹರಣೆ ಮಾರ್ಟಿನ್ ಲೂಥರ್ ಕಿಂಗ್. 1944ರ ಏಪ್ರಿಲ್‌ನಲ್ಲಿ ಹೈಸ್ಕೂಲು ಹುಡುಗನಾಗಿದ್ದ ಅವರು ಜಾರ್ಜಿಯಾದ ಡಬ್ಲಿನ್ ಪಟ್ಟಣದಲ್ಲಿ ನಡೆದ ಭಾಷಣಸ್ಪರ್ಧೆಯಲ್ಲಿ ಕರಿಯರು ಮತ್ತು ಸಂವಿಧಾನ ಎಂಬ ವಿಷಯದ ಮೇಲೆ ಮಾತನಾಡಿ, ಶಿಕ್ಷಕಿಯೊಂದಿಗೆ ಬಸ್ಸಿನಲ್ಲಿ ಅಟ್ಲಾಂಟಾಕ್ಕೆ ಹಿಂತಿರುಗುವಾಗ, ಬಿಳಿಯರಿಗೆ ಸೀಟು ಬಿಟ್ಟುಕೊಡಬೇಕೆಂದು ಚಾಲಕ ಬೈದು ಎಬ್ಬಿಸಿದ್ದರಿಂದ ಸುಮಾರು 90 ಮೈಲಿ ದಾರಿಯನ್ನು ನಿಂತುಕೊಂಡೇ ಸವೆಸಬೇಕಾಯಿತು. ಇಷ್ಟೆಲ್ಲ ಆದ ಮೇಲೆ, ಕ್ರೋಜರ್ ಧಾರ್ಮಿಕ ವಿದ್ಯಾಲಯದಲ್ಲಿ ಓದುವಾಗ ಸಾರ್ವಜನಿಕ ಭಾಷಣದ ವಿಷಯದಲ್ಲೇ ಅವರಿಗೆ ಬಂದದ್ದು ‘ಸಿ’ ದರ್ಜೆ. ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಎರಡು ಲಕ್ಷಕ್ಕೂ ಹೆಚ್ಚು ಜನರ ಮುಂದೆ ಮಾತನಾಡಿದ ಮನುಷ್ಯನ ಅಂಕಪಟ್ಟಿಯಿದು. ನಾಲ್ಕು ಜನರ ಮುಂದೆ ನಿಮ್ಮ ಮಗಳ ಗಂಟಲು ಕಟ್ಟುತ್ತದೆಂದು ನೀವೇಕೆ ಸಪ್ಪಗಾಗುತ್ತೀರಿ?

ಈ ತಪ್ಪು ತಿಳಿವಳಿಕೆಗೆ ಒಂದು ಕಾರಣ ನಮ್ಮ ಸ್ಪರ್ಧೆಗಳ ರೀತಿಯೇ ಇರಬೇಕು. ಪರವೋ ವಿರೋಧವೋ ಒಂದನ್ನು ಆರಿಸಿಕೊಂಡು, ಮೇಷ್ಟ್ರು ಬರೆದುಕೊಟ್ಟದ್ದನ್ನು ಕಂಠಪಾಠ ಮಾಡಿ, ಗಂಟೆ ಬಾರಿಸುವುದರೊಳಗೆ ಒಪ್ಪಿಸಿ ಇಳಿಯುವವರನ್ನೇ ನಾವು ಕಂಡಿದ್ದೇವೆ. ಅಲ್ಲಿ ಕಂಚಿನ ಕಂಠಕ್ಕೆ ಬೆಲೆಯಿರುವುದು ಸಹಜ. ಅಮೆರಿಕದ ‘ಪಾಲಿಸಿ’ ಚರ್ಚೆಯಲ್ಲಿ ವರ್ಷವಿಡೀ ವಿಷಯ ಒಂದೇ, ತಂಡದಲ್ಲಿ ಇಬ್ಬರು, ಒಂದು ಸುತ್ತಿನಲ್ಲಿ ಪರ ವಾದಿಸಿದವರೇ ಮುಂದಿನ ಸುತ್ತಿನಲ್ಲಿ ವಿರೋಧ ವಾದಿಸಬೇಕು. ಎದುರಾಳಿ ಮಾತನಾಡುತ್ತಿರುವಾಗ ಮಕ್ಕಳು ಉದ್ದನೆಯ ಹಾಳೆಯಲ್ಲಿ ಕಂಬಸಾಲುಗಳನ್ನು ಎಳೆದು, ಒಂದೊಂದು ವಾದವನ್ನೂ ಸಂಕ್ಷೇಪಾಕ್ಷರಗಳಲ್ಲಿ ಗುರುತುಹಾಕಿಕೊಂಡು, ಅದರ ಪಕ್ಕದ ಸಾಲಿನಲ್ಲಿ ತಮ್ಮ ಉತ್ತರವನ್ನು ಬರೆಯುತ್ತಾರೆ; ಇದಕ್ಕೆ ‘ಫ್ಲೋ’ ಎನ್ನುತ್ತಾರೆ. ಉತ್ತರಿಸದೆ ಬಿಟ್ಟ ವಾದವನ್ನು ಒಪ್ಪಿಕೊಂಡಂತೆಯೇ ಎಣಿಸುವುದು ಅಲ್ಲಿನ ರೂಢಿಯಾದ್ದರಿಂದ, ಬಾಯಿಗಿಂತ ಕಿವಿಗೂ ಪೆನ್ನಿಗೂ ಅಲ್ಲಿ ಕೆಲಸ ಹೆಚ್ಚು. ಮಾತು ಕಡಿಮೆಯಿರುವ, ಗಮನವಿಟ್ಟು ಕೇಳಿಸಿಕೊಳ್ಳುವ ಹುಡುಗಿಗೆ ಇದು ಹೇಳಿ ಮಾಡಿಸಿದ ಆಟ. ಮಕ್ಕಳನ್ನು ವೇದಿಕೆ ಹತ್ತಿಸುವುದರಲ್ಲೇ ಕೂದಲು ನರೆಸಿಕೊಂಡ ನಾನು ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಯಾರೂ ಕೇಳದ ಪ್ರಶ್ನೆಯೊಂದಿದೆ: ಇವರನ್ನು ತಯಾರು ಮಾಡಿದವರು ಯಾರು? ನ್ಯಾಯಮೂರ್ತಿ ಜಾಕ್ಸನ್ 1988ರಲ್ಲಿ ರಾಷ್ಟ್ರಮಟ್ಟದ ಭಾಷಣಸ್ಪರ್ಧೆಯಲ್ಲಿ ಗೆದ್ದವರು. ಹಾರ್ವರ್ಡ್‌ನಂಥ ಎತ್ತರದ ಆಸೆ ಬೇಡವೆಂದು ಶಾಲೆಯ ಸಲಹೆಗಾರರು ಅವರಿಗೆ ಹೇಳಿದ್ದರೂ, ಆ ವಿಶ್ವವಿದ್ಯಾಲಯವನ್ನು ಅವರು ಕಣ್ಣಾರೆ ಕಂಡದ್ದು ಸ್ಪರ್ಧೆಗೆಂದು ಹೋದಾಗ. ಮಯಾಮಿಯ ತಮ್ಮ ಶಾಲೆಯ ತರಬೇತುದಾರ್ತಿ ಫ್ರಾನ್ ಬರ್ಗರ್ ಅವರನ್ನು ಜಾಕ್ಸನ್ ಇಂದಿಗೂ ನೆನೆಯುತ್ತಾರೆ.

ಮುಂದೆ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಕೂಡ 1930ರಲ್ಲಿ ಹ್ಯೂಸ್ಟನ್ನಿನ ಸ್ಯಾಮ್ ಹ್ಯೂಸ್ಟನ್ ಹೈಸ್ಕೂಲಿನಲ್ಲಿ ಚರ್ಚಾತಂಡದ ಮೇಷ್ಟ್ರಾಗಿದ್ದರು. ವಯಸ್ಸು 22. ಆ ವರ್ಷದ ವಿಷಯ ನ್ಯಾಯಾಲಯದ ಜ್ಯೂರಿ ಪದ್ಧತಿಗೆ ಬದಲಿ ವ್ಯವಸ್ಥೆ ಬೇಕೇ ಎಂಬುದು. ಅವರ ಇಬ್ಬರು ಹುಡುಗರು ಊರೂರು ಸುತ್ತಿ ಗೆಲ್ಲುತ್ತಾ ಆಸ್ಟಿನ್‌ನಲ್ಲಿ ನಡೆದ ರಾಜ್ಯ ಮಟ್ಟದ ಅಂತಿಮ ಸುತ್ತಿಗೆ ತಲುಪಿ, ಅಲ್ಲಿ 3–2ರಿಂದ, ಒಂದೇ ಒಂದು ಮತದಿಂದ ಸೋತರು. ಮರುವರ್ಷವೇ ಜಾನ್ಸನ್ ಸಂಸದರೊಬ್ಬರ ಕಾರ್ಯದರ್ಶಿಯಾಗಿ ವಾಷಿಂಗ್ಟನ್‌ಗೆ ಹೊರಟರು; ಆ ಕಚೇರಿಗೆ ಸಹಾಯಕರು ಬೇಕಾದಾಗ ಅವರು ಕರೆಸಿಕೊಂಡದ್ದು ಸೋತು ಬಂದಿದ್ದ ಆ ಇಬ್ಬರನ್ನೇ.