ಸ್ಟಡ್ ಮೇಲೆ ಹೆಡ್ ಸಡಿಲ ಇರಬೇಕು

"ಸರ, ಹೊಸ ಹೆಡ್ ಭಾಳ ಟೈಟ್ ಐತ್ರಿ. ಮಾಲ್ ಚಲೋ ಇರಬೇಕು."

ಈ ಮಾತನ್ನು ತಿಂಗಳಿಗೆ ಎರಡು ಸಲವಾದರೂ ಕೇಳುತ್ತೇನೆ. ಹೇಳುವವರ ಮುಖದಲ್ಲಿ ಖುಷಿ ಇರುತ್ತದೆ. ಹೆಡ್ ಅಂದರೆ ಬೈಕ್ ಎಂಜಿನ್ ಸಿಲಿಂಡರಿನ ಮೇಲಿನ ಮುಚ್ಚಳ. ಆನ್‌ಲೈನ್‌ನಲ್ಲಿ ತರಿಸಿದ ಹೆಡ್, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕೊರೆದದ್ದು, ಥಳಥಳ ಹೊಳೆಯುತ್ತದೆ, ಆದರೆ ನಾಲ್ಕು ಸ್ಟಡ್‌ಗಳ ಮೇಲೆ, ಅಂದರೆ ಅದನ್ನು ಹಿಡಿಯಲು ಎಂಜಿನ್‌ನಿಂದ ಮೇಲೆದ್ದು ನಿಂತ ಉಕ್ಕಿನ ಕಂಬಿಗಳ ಮೇಲೆ, ಇಳಿಯಲು ಒಲ್ಲೆ ಅನ್ನುತ್ತದೆ. ಆಗ ರಬ್ಬರ್ ಸುತ್ತಿಗೆ ಹೊರಗೆ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಮೇಲೆ ನಟ್ ಹಾಕಿ, ಪಾನಾದಿಂದ ಒಂದೊಂದೇ ಸುತ್ತು ಎಳೆದು ಕೂರಿಸುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ.

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಲೇಥ್ ಕೆಲಸದ ಜೊತೆ ಟೂ ಸ್ಟ್ರೋಕ್ ಎಂಜಿನ್ ಕೆಲಸವನ್ನೂ ಮಾಡುತ್ತಾ ನನಗೆ 22 ವರ್ಷವಾಯಿತು. ಬರುವುದರಲ್ಲಿ ಜಾಸ್ತಿ ಯಮಹಾ ಬೈಕ್ ಆರ್‌ಎಕ್ಸ್ 100, ಆಮೇಲೆ ಆರ್‌ಎಕ್ಸ್ 135, ಅಲ್ಲೊಂದು ಇಲ್ಲೊಂದು ಮೈಸೂರಿನ ಯೆಜ್ಡಿ. ಹೆಡ್ ಬಿಚ್ಚುವುದು, ಕಾರ್ಬನ್ ಕೆರೆಯುವುದು ನಿಮಗೆ ಗೊತ್ತೇ ಇರುತ್ತದೆ, ಅದನ್ನು ಹೇಳುವುದಿಲ್ಲ. ಹೇಳಬೇಕಾದದ್ದು ಒಂದೇ. ಹೆಡ್ ಬಿಗಿ ಇರಬೇಕಾದದ್ದು ಕೆಳಗೆ ಗ್ಯಾಸ್ಕೆಟ್ ಮೇಲೆ, ಅಂದರೆ ಹೆಡ್ಡಿಗೂ ಬ್ಯಾರೆಲ್‌ಗೂ (ಪಿಸ್ಟನ್ ಓಡುವ ಸಿಲಿಂಡರ್) ನಡುವೆ ಇಡುವ ತೆಳು ಹಾಳೆಯ ಮೇಲೆ. ಸ್ಟಡ್ ಮೇಲೆ ಅಲ್ಲ.

ಇದು ಸಣ್ಣ ಮಾತು ಅನಿಸಬಹುದು. ಆದರೆ ತಪ್ಪು ತಿಳಿಯುವುದೆಲ್ಲ ಇಲ್ಲೇ. ಸ್ಟಡ್‌ನ ಕೆಲಸ ಹೆಡ್ಡನ್ನು ಕೆಳಗೆ ಒತ್ತಿ ಹಿಡಿಯುವುದು, ಅಷ್ಟೇ. ತೂತಿನ ಗೋಡೆಯನ್ನು ಅದು ಕಚ್ಚಬಾರದು. 8 ಎಂಎಂ ಸ್ಟಡ್ ಇದ್ದರೆ ತೂತು ಸಾಮಾನ್ಯವಾಗಿ ಎಂಟೂವರೆಯಿಂದ 9 ಎಂಎಂ ಇರುತ್ತದೆ. ಆ ಅರ್ಧದಿಂದ ಒಂದು ಎಂಎಂ ಸಡಿಲವನ್ನು ಬೇಕು ಅಂತಲೇ ಬಿಟ್ಟಿರುತ್ತಾರೆ. ತೂತು ಸ್ಟಡ್ಡನ್ನು ಕಚ್ಚಿಕೊಂಡರೆ ಏನಾಗುತ್ತದೆ ನೋಡಿ. ನೀವು ನಟ್ ತಿರುಗಿಸುತ್ತೀರಿ, ಪಾನಾ ಭಾರ ಆಗುತ್ತದೆ, ಬಿಗಿತ ಅಳೆಯುವ ಟಾರ್ಕ್ ಪಾನಾ ಇದ್ದರೆ ಅದೂ ಟಕ್ ಅನ್ನುತ್ತದೆ, ಸಾಕು ಅಂತ ಕೈ ಬಿಡುತ್ತೀರಿ. ಆದರೆ ನಿಮ್ಮ ಅರ್ಧ ಶಕ್ತಿ ತೂತಿನ ತಿಕ್ಕಾಟದಲ್ಲೇ ಖರ್ಚಾಗಿರುತ್ತದೆ. ಗ್ಯಾಸ್ಕೆಟ್‌ಗೆ ಅದು ಮುಟ್ಟಿಯೇ ಇರುವುದಿಲ್ಲ. ಒಂದು ಮೂಲೆ ಕೂತಿರುತ್ತದೆ, ಇನ್ನೊಂದು ಮೂಲೆ ಕೂದಲೆಳೆಯಷ್ಟು ಮೇಲಿರುತ್ತದೆ.

ಎಂಜಿನ್ ಬಿಸಿಯಾದ ಮೇಲೆ ಇನ್ನೂ ಕಷ್ಟ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಎರಡು ತೂತುಗಳ ನಡುವೆ 60 ಎಂಎಂ ಅಂತರ ಇದೆ ಅಂದುಕೊಳ್ಳಿ. ಹೆಡ್ 100 ಡಿಗ್ರಿ ಬಿಸಿ ಏರಿದರೆ ಆ ಅಂತರ ಸುಮಾರು 0.14 ಎಂಎಂ ಹೆಚ್ಚಾಗುತ್ತದೆ. ಸ್ಟಡ್‌ನ ಬುಡ ಇರುವುದು ಕೆಳಗೆ, ಅಲ್ಲಿ ಅಷ್ಟು ಬಿಸಿ ಇಲ್ಲ, ಅದು ಅಷ್ಟು ಸರಿಯುವುದಿಲ್ಲ. ತೂತಿನಲ್ಲಿ ಜಾಗ ಇದ್ದರೆ ಹೆಡ್ ಸುಮ್ನೆ ಹಿಗ್ಗಿ ಕುಗ್ಗಿ ಇರುತ್ತದೆ. ಇಲ್ಲದಿದ್ದರೆ ಸ್ಟಡ್ಡನ್ನು ಪಕ್ಕಕ್ಕೆ ತಳ್ಳುತ್ತದೆ, ದಿನಾ, ಪ್ರತಿ ಸವಾರಿಯಲ್ಲಿ.

ಕಳೆದ ಮಳೆಗಾಲ ಮುಗಿದ ಮೇಲೆ ಖಾನಾಪುರ ಕಡೆಯ ಹುಡುಗನೊಬ್ಬ ಆರ್‌ಎಕ್ಸ್ 100 ತಂದಿದ್ದ. ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದ ಪಾಪ. ಗಾಡಿ ಅವನ ಅಪ್ಪನದು, ಕಬ್ಬಿನ ದುಡ್ಡಲ್ಲಿ ತಗೊಂಡಿದ್ದಂತೆ. ಹೊಸ ಹೆಡ್ ಹಾಕಿ ಗೋವಾಕ್ಕೆ ಹೋಗಿದ್ದಾನೆ. ಹೋಗುವಾಗ ಇಳಿಜಾರು, ಏನೂ ಆಗಿಲ್ಲ. ವಾಪಸ್ ಬರುವಾಗ ಚೋರ್ಲಾ ಘಾಟಿನ ಏರಿನಲ್ಲಿ ಚಿಸ್ ಚಿಸ್ ಅಂತ ಸದ್ದು ಶುರುವಾಗಿದೆ, ಎಳೆತ ಹೋಗಿದೆ, ಎರಡನೇ ಗೇರಿನಲ್ಲೂ ಗಾಡಿ ಏರಲಿಲ್ಲ. ಬಿಚ್ಚುವ ಮೊದಲೇ ಕಾಣುತ್ತಿತ್ತು, ಹೆಡ್ ಮತ್ತು ಬ್ಯಾರೆಲ್ ನಡುವೆ ಎಡಗಡೆ ಕರಿ ಎಣ್ಣೆಯ ಗೆರೆ. ಒಳಗೆ ಗ್ಯಾಸ್ಕೆಟ್ ಅದೇ ಜಾಗದಲ್ಲಿ ಬೆರಳಗಲ ಸುಟ್ಟಿತ್ತು. ಅದೇ ಕಡೆಯ ಒಂದು ಸ್ಟಡ್ ಮೇಲೆ ಬೂದಿ ಬಣ್ಣದ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು, ಉಗುರಿನಿಂದ ಕೆರೆದರೆ ಹಪ್ಪಳದ ಹಾಗೆ ಏಳುತ್ತಿತ್ತು. ಹೆಡ್ಡಿನ ಒಂದು ಫಿನ್ (ತಂಪು ಮಾಡುವ ತೆಳು ರೆಕ್ಕೆ) ಕೂಡ ಮುರಿದಿತ್ತು. "ಸುತ್ತಿಗಿ ಹೊಡೆದ್ಯಾ?" ಅಂದೆ. "ಮೆತ್ತಗ ಹೊಡದೀನ್ರಿ" ಅಂದ. ಅವನನ್ನು ಬೈಯಲು ಮನಸ್ಸಾಗಲಿಲ್ಲ. ಅಪ್ಪನ ಗಾಡಿ ಚಲೋ ಓಡಲಿ ಅಂತಲೇ ಮಾಡಿದ್ದ.

ಹಾಗಾದರೆ ಹೆಡ್ ಇಳಿಯದಿದ್ದರೆ ಏನು ಮಾಡಬೇಕು? ಮೊದಲು ಗ್ಯಾಸ್ಕೆಟ್ ತೆಗೆದಿಡಿ. ಹೆಡ್ಡನ್ನು ಎರಡು ಕೈಯಿಂದ ನೇರ ಇಳಿಸಿ, ಎಲ್ಲಿ ನಿಲ್ಲುತ್ತದೆ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಮೇಲೆ ಥ್ರೆಡ್ ಹತ್ತಿರವೇ ನಿಂತರೆ ಥ್ರೆಡ್ ಪೆಟ್ಟು ತಿಂದಿರುತ್ತದೆ, ಇಲ್ಲವೇ ತೂತಿನೊಳಗೆ ಪೌಡರ್ ಕೋಟಿಂಗ್ ಇಳಿದಿರುತ್ತದೆ. ಕಪ್ಪು ಬಣ್ಣದ ಹೆಡ್‌ಗಳಲ್ಲಿ ಇದು ಜಾಸ್ತಿ. ಕೆಳಗಿನ ಎರಡು ಮೂರು ಎಂಎಂ ಮಾತ್ರ ಉಳಿದು ನಿಂತರೆ ಬ್ಯಾರೆಲ್‌ನಲ್ಲಿ ಹಳೇ ಡೋವೆಲ್ (ಹೆಡ್ಡನ್ನು ಸರಿ ಜಾಗಕ್ಕೆ ಕೂರಿಸುವ ಸಣ್ಣ ಪಿನ್) ಇದೆಯಾ ನೋಡಿ, ಹೊಸ ಹೆಡ್‌ನಲ್ಲಿ ಅದಕ್ಕೆ ಜಾಗವೇ ಕೊರೆದಿರುವುದಿಲ್ಲ. ಇಂಥ ಹೆಡ್ಡನ್ನು ನಟ್ ಹಾಕಿ ಎಳೆದರೆ ಬಿರುಕು ಬಿಡಬಹುದು.

ನಡುವೆ ಎಲ್ಲೋ ಬಿಗಿಯಾದರೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಸ್ಟಡ್ ವಾಲಿರಬಹುದು, ಅಥವಾ ಹೆಡ್ಡಿನ ತೂತುಗಳ ಅಂತರವೇ ತಪ್ಪಿರಬಹುದು. ಯಾರ ತಪ್ಪು ಅಂತ ತಿಳಿಯಲು ನಾನು ಮಾಡುವುದು ಇಷ್ಟೇ. ನಾಲ್ಕೂ ಸ್ಟಡ್‌ಗಳಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯುತ್ತೇನೆ. ಹೆಡ್ಡನ್ನು ಒಮ್ಮೆ ಇಳಿಸಿ ತೆಗೆಯುತ್ತೇನೆ. ತಿಕ್ಕಿದ ಕಡೆ ಬಣ್ಣ ಹೋಗಿ ಉಕ್ಕು ಹೊಳೆಯುತ್ತದೆ. ಸ್ಟಡ್‌ಗಳು ಸರಿಯಾಗಿ ಚೌಕದಲ್ಲಿದ್ದರೆ ಹೆಡ್ಡನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಇಳಿಸುತ್ತೇನೆ. ಬಿಗಿ ಹೆಡ್ಡಿನ ಜೊತೆ ಆಚೆ ಕಡೆ ಹೋಯಿತಾ, ತಪ್ಪು ಹೆಡ್ಡಿನದು. ಮೊದಲಿನ ಸ್ಟಡ್ ಹತ್ತಿರವೇ ಉಳಿಯಿತಾ, ತಪ್ಪು ಸ್ಟಡ್ಡಿನದು. ಆ ಹುಡುಗನ ಗಾಡಿಯಲ್ಲಿ ಸ್ಟಡ್ಡೇ ವಾಲಿತ್ತು. ಗುನ್ಯಾ (ಮೂಲೆ ನೋಡುವ ಮಟ್ಟ) ಹಿಡಿದು ನೋಡಿದರೆ ಮೇಲ್ತುದಿ ಹತ್ತಿರ ಬೆಳಕು ಕಾಣುತ್ತಿತ್ತು. ಎರಡು ನಟ್ ಒಂದರ ಮೇಲೊಂದು ಬಿಗಿದು ಅದನ್ನು ಬಿಚ್ಚಿ ಗಾಜಿನ ಮೇಲೆ ಉರುಳಿಸಿದೆ, ಕುಣಿಯುತ್ತಿತ್ತು. ಬಾಗಿದ ಸ್ಟಡ್ಡನ್ನು ಬಡಿದು ನೆಟ್ಟಗೆ ಮಾಡುವುದು ಬೇಡ. ಹೊಸದು ಹಾಕಿ.

ಹೆಡ್ಡಿನ ತಪ್ಪಾಗಿದ್ದರೆ ತೂತನ್ನು ಸ್ವಲ್ಪ ದೊಡ್ಡದು ಮಾಡಿಸಬಹುದು. ಆದರೆ ಕೈ ಡ್ರಿಲ್‌ನಲ್ಲಿ ಬೇಡ, ಪಿಲ್ಲರ್ ಡ್ರಿಲ್ ಇರುವವರ ಹತ್ತಿರ ಹೋಗಿ. ಕೆಲವು ಹೆಡ್‌ಗಳಿಗೆ ಕೆಳಗೆ ಒಂದು ಮೆಟ್ಟಿಲು ಇರುತ್ತದೆ, ಅದು ಬ್ಯಾರೆಲ್‌ನಲ್ಲಿ ಕೂತು ಹೆಡ್ಡನ್ನು ನಡುವಿಗೆ ತರುತ್ತದೆ. ಅಲ್ಲಿ ಬಿಗಿ ಇದ್ದರೆ ಅದು ಲೇಥ್ ಕೆಲಸ, ಎಮರಿ ಹಿಡಿದು ಮನೆಯಲ್ಲಿ ಉಜ್ಜಬೇಡಿ. ಮೆಟ್ಟಿಲು ಇಲ್ಲದ ಚಪ್ಪಟೆ ಹೆಡ್ ಆದರೆ ನಟ್ ಬಿಗಿಯುವ ಮೊದಲು ಆಚೀಚೆ ಅಲ್ಲಾಡಿಸಿ ನಡುವಿಗೆ ತನ್ನಿ. ತೂತು ಅಳತೆ ಮೀರಿ ತಪ್ಪಿದ್ದರೆ ವಾಪಸ್ ಕಳಿಸುವುದೇ ಒಳ್ಳೆಯದು. ಸುತ್ತಿಗೆ ಪೆಟ್ಟು ಬಿದ್ದ ಮೇಲೆ ಯಾರೂ ವಾಪಸ್ ತಗೊಳ್ಳುವುದಿಲ್ಲ ಅಲ್ವಾ?

ಇನ್ನೊಂದು ಮೋಸ ಇದೆ, ಇದು ನಟ್ ಕಡೆಯದು. ಹೊಸ ಹೆಡ್ ಹಳೆಯದಕ್ಕಿಂತ ತೆಳ್ಳಗಿದ್ದರೆ ಟೊಪ್ಪಿ ನಟ್‌ನ (ಮೇಲ್ಭಾಗ ಮುಚ್ಚಿದ ನಟ್) ಒಳತುದಿ ಸ್ಟಡ್‌ಗೆ ತಾಗಿ ನಿಂತುಬಿಡುತ್ತದೆ. ಕೈಗೆ ಬಿಗಿ ಅನಿಸುತ್ತದೆ, ಹೆಡ್ ಮೇಲೆ ಒತ್ತಡವೇ ಬಿದ್ದಿರುವುದಿಲ್ಲ. ದಪ್ಪ ವಾಷರ್ ಹಾಕಿ.

ಹೆಡ್ ಕೈಯಿಂದಲೇ ಇಳಿಯಿತು ಅಂದ ತಕ್ಷಣ ಕಿಕ್ ಹೊಡೆಯಬೇಡಿ. ಹೊಸ ಹೆಡ್‌ಗೂ ಪಿಸ್ಟನ್‌ಗೂ ಎಷ್ಟು ಅಂತರ ಇದೆ ಅಂತ ನೋಡಲೇಬೇಕು. ಪಿಸ್ಟನ್ ಪಿನ್ನಿನ ನೇರಕ್ಕೆ ಎರಡೂ ಬದಿ ಗ್ರೀಸ್ ಹಚ್ಚಿ ಸಾಲ್ಡರಿಂಗ್ ವೈರ್ ತುಂಡು ಅಂಟಿಸಿ, ವೈರ್ ತುದಿ ಸಿಲಿಂಡರಿನ ಒಳಗೋಡೆಗೆ ತಾಗಿರಲಿ. ಈಗ ಗ್ಯಾಸ್ಕೆಟ್ ಸಮೇತ ಹೆಡ್ ಬಿಗಿಯಿರಿ, ಕಿಕ್ಕರ್ ಅನ್ನು ಕೈಯಿಂದ ನಿಧಾನಕ್ಕೆ ಒತ್ತಿ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಬರಲಿ. ಜಜ್ಜಿದ ತುದಿಯನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಆರ್‌ಎಕ್ಸ್ 100ರ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 50 ಎಂಎಂ. ಅಷ್ಟು ಸಣ್ಣ ಎಂಜಿನ್‌ಗೆ ನಾನು 1 ಎಂಎಂ ಹತ್ತಿರ ಇಡುತ್ತೇನೆ, 0.8ಕ್ಕಿಂತ ಕಡಿಮೆ ಬಂದರೆ ಗಾಡಿ ಹೊರಗೆ ಬಿಡುವುದಿಲ್ಲ. ಇದು ನನ್ನ ರೂಢಿ, ನಿಮ್ಮ ಎಂಜಿನ್‌ನ ಹೊಂದಾಣಿಕೆ ಬೇರೆ ಇರಬಹುದು. ಸ್ಪಾರ್ಕ್ ಪ್ಲಗ್‌ನ ಥ್ರೆಡ್ ಉದ್ದವನ್ನೂ ನೋಡಿ. 12.7 ಎಂಎಂ ಬೇಕಾದ ಕಡೆ 19 ಎಂಎಂ ಪ್ಲಗ್ ಹಾಕಿದರೆ ಪಿಸ್ಟನ್‌ಗೆ ಬಡಿಯಬಹುದು.

ಬಿಗಿಯುವಾಗ ಎದುರುಬದುರು ನಟ್, ಮೂರು ಹಂತದಲ್ಲಿ. 8 ಎಂಎಂ ಸ್ಟಡ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಸಾಕು, ಮ್ಯಾನ್ಯುಯಲ್ ಇದ್ದರೆ ಅದನ್ನೇ ನಂಬಿ. ಒಂದು ಸಲ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಒಮ್ಮೆ ನೋಡಿ.

ಈಗಾಗಲೇ ಬಡಿದು ಕೂರಿಸಿದ ಹೆಡ್ ಹೊರಗೆ ಬರುತ್ತಿಲ್ಲವಾ? ಫಿನ್ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಡಿ. ನಟ್‌ಗಳನ್ನು ಎರಡು ಸುತ್ತು ಸಡಿಲ ಮಾಡಿ, ಆದರೆ ಪೂರ್ತಿ ತೆಗೆಯಬೇಡಿ. ಪ್ಲಗ್ ಅದರ ಜಾಗದಲ್ಲೇ ಇರಲಿ, ಕ್ಯಾಪ್ ಕಿತ್ತಿಡಿ, ಪೆಟ್ರೋಲ್ ಬಂದ್ ಮಾಡಿ, ಆಮೇಲೆ ಕಿಕ್ ಹೊಡೆಯಿರಿ. ಒಳಗಿನ ಗಾಳಿಯೇ ಬಹಳ ಸಲ ಹೆಡ್ಡನ್ನು ಎಬ್ಬಿಸಿಬಿಡುತ್ತದೆ.

ಆ ಹುಡುಗನಿಗೆ ಹೊಸ ಸ್ಟಡ್ ಹಾಕಿದ ಮೇಲೆ ಅದೇ ಹೆಡ್ ಒಂದೇ ಕೈಯಲ್ಲಿ ಇಳಿಯಿತು. ಹೆಡ್ಡಿನ ಕೆಳಮುಖವನ್ನು ಗಾಜಿನ ಮೇಲೆ 400 ನಂಬರ್ ವಾಟರ್ ಪೇಪರ್ ಇಟ್ಟು ಉಜ್ಜಿ ಸಮ ಮಾಡಿದೆ. ಹೊರಡುವಾಗ ಕೇಳಿದೆ, ಕಂಪನಿ ಹೆಡ್ ಎಲ್ಲಿದೆ ಅಂತ. ಗುಜರಿಗೆ ಹಾಕಬೇಕು ಅಂತ ಚೀಲದಲ್ಲಿ ಇಟ್ಟಿದ್ದಾನೆ! 1996ಕ್ಕೇ ತಯಾರಿಕೆ ನಿಂತುಹೋದ ಗಾಡಿ ಅದು. ಎಣ್ಣೆ ಸವರಿ, ಪೇಪರ್ ಸುತ್ತಿ ಅವನ ಕೈಗೇ ಕೊಟ್ಟೆ, ಅಟ್ಟದ ಮೇಲೆ ಇಡು ಅಂದೆ.