ವಿಷಯವಿದೆ, ಸಂಶಯವೆಲ್ಲಿ?

ಪಿಎಚ್.ಡಿ. ಪ್ರವೇಶದ ಕಾಲಕ್ಕೆ ನಮ್ಮ ತತ್ತ್ವಶಾಸ್ತ್ರ ವಿಭಾಗಕ್ಕೆ ಬರುವ ಸಂಶೋಧನಾ ಪ್ರಸ್ತಾವಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ‘ಶಂಕರ ಮತ್ತು ಕಾಂಟ್: ಒಂದು ತೌಲನಿಕ ಅಧ್ಯಯನ’, ‘ಬಸವಣ್ಣನವರ ಚಿಂತನೆಗಳ ಪ್ರಸ್ತುತತೆ’, ‘ಗೀತೆಯ ಕರ್ಮಯೋಗ: ಒಂದು ವಿಶ್ಲೇಷಣೆ’. ಬರೆದವರು ಸೋಮಾರಿಗಳಲ್ಲ, ಎಂ.ಎ. ಚೆನ್ನಾಗಿ ಮುಗಿಸಿ, ನೆಟ್ ಅಥವಾ ಕೆ-ಸೆಟ್ ದಾಟಿ, ಮನೆಯವರ ‘ಇದನ್ನು ಓದಿ ಏನು ಮಾಡುತ್ತೀಯ’ ಎಂಬ ಮಾತನ್ನು ನುಂಗಿಕೊಂಡು ಬಂದವರು. ಆದರೆ ಸಂದರ್ಶನದಲ್ಲಿ ‘ನಿಮಗೆ ಇದರಲ್ಲಿ ತಿಳಿಯದಿರುವುದು ಏನು?’ ಎಂದು ಕೇಳಿದರೆ ಶೀರ್ಷಿಕೆಯನ್ನೇ ಇನ್ನೊಮ್ಮೆ ಹೇಳುತ್ತಾರೆ.

ವಿಷಯವನ್ನು ಆರಿಸಿಕೊಂಡ ಮಾತ್ರಕ್ಕೆ ಸಂಶೋಧನೆ ಆರಂಭವಾಗುವುದಿಲ್ಲ. ಇದು ನಾನು ಹೊಸದಾಗಿ ಹೇಳುತ್ತಿರುವ ಮಾತೂ ಅಲ್ಲ. ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರೂ ವೇದಾಂತಿಗಳೂ ಒಂದು ಅಧಿಕರಣಕ್ಕೆ, ಅಂದರೆ ಒಂದು ವಿಚಾರದ ಪೂರ್ಣ ಚರ್ಚೆಗೆ, ವಿಷಯ, ಸಂಶಯ, ಪೂರ್ವಪಕ್ಷ (ಎದುರಾಳಿಯ ವಾದ), ಸಿದ್ಧಾಂತ (ಕೊನೆಯ ನಿರ್ಣಯ), ಸಂಗತಿ (ಹಿಂದುಮುಂದಿನ ಚರ್ಚೆಯೊಂದಿಗಿನ ಸಂಬಂಧ) ಎಂದು ಐದು ಅಂಗಗಳನ್ನು ಎಣಿಸುತ್ತಾರೆ. ನಮ್ಮ ಅರ್ಜಿದಾರರು ಮೊದಲನೆಯ ಅಂಗದಿಂದ ನಾಲ್ಕನೆಯದಕ್ಕೆ ನೇರವಾಗಿ ನೆಗೆಯುತ್ತಾರೆ. ನಡುವಿನ ಎರಡು ಅಂಗಗಳಿಲ್ಲದ ಪ್ರಬಂಧ ಎಷ್ಟು ದಪ್ಪವಾಗಿದ್ದರೂ ಪಠ್ಯಪುಸ್ತಕದ ಸಂಗ್ರಹವಾಗುತ್ತದೆಯೇ ಹೊರತು ಸಂಶೋಧನೆಯಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಶಿಕ್ಷಕಿ ‘ಅದ್ವೈತದಲ್ಲಿ ಅವಿದ್ಯೆ’ ಎಂಬ ವಿಷಯ ಹಿಡಿದು ಬಂದಿದ್ದರು. ಅವಿದ್ಯೆಯ, ಅಂದರೆ ಮೂಲ ಅಜ್ಞಾನದ, ಲಕ್ಷಣ, ಆವರಣ (ನಿಜವನ್ನು ಮರೆಮಾಡುವುದು), ವಿಕ್ಷೇಪ (ಇಲ್ಲದ್ದನ್ನು ತೋರಿಸುವುದು) ಎಲ್ಲವೂ ಬಾಯಿಪಾಠವಾಗಿದ್ದವು. ‘ಆ ಅವಿದ್ಯೆ ಯಾರದ್ದಮ್ಮ?’ ಎಂದು ಕೇಳಿದೆ. ಜೀವನದ್ದು, ಅಂದರೆ ಜೀವಾತ್ಮನದ್ದು, ಎಂದರು. ಜೀವನೆಂಬವನು ಅವಿದ್ಯೆಯಿಂದಲೇ ಆದವನಲ್ಲವೇ, ಹಾಗಾದರೆ ಅವಿದ್ಯೆ ನೆಲೆಗೊಳ್ಳುವ ಮೊದಲೇ ಅವನು ಇದ್ದನೇ ಎಂದಾಗ, ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಬ್ರಹ್ಮದ್ದಿರಬೇಕು ಎಂದರು. ಜ್ಞಾನಸ್ವರೂಪವೇ ಆದದ್ದರಲ್ಲಿ ಅಜ್ಞಾನ ನಿಲ್ಲುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಆದರೆ ಅವರ ಮುಖದಲ್ಲಿ ಮೊದಲ ಬಾರಿಗೆ ಕುತೂಹಲ ಕಂಡಿತು, ನನಗೆ ಬೇಕಾಗಿದ್ದದ್ದೂ ಅದೇ.

ಈ ಎರಡು ಉತ್ತರಗಳ ಹಿಂದೆ ಅದ್ವೈತದ ಎರಡು ಪ್ರಸ್ಥಾನಗಳೇ (ವ್ಯಾಖ್ಯಾನ ಪರಂಪರೆಗಳೇ) ಇವೆ. ವಾಚಸ್ಪತಿ ಮಿಶ್ರರ ಭಾಮತಿ ಎಂಬ ವ್ಯಾಖ್ಯಾನ, ಮಂಡನ ಮಿಶ್ರರ ಜಾಡಿನಲ್ಲಿ, ಅವಿದ್ಯೆಗೆ ಜೀವನೇ ಆಶ್ರಯ ಎನ್ನುತ್ತದೆ. ಪ್ರಕಾಶಾತ್ಮರ ‘ವಿವರಣ’ ಎಂಬ ವ್ಯಾಖ್ಯಾನವು ಬ್ರಹ್ಮವೇ ಆಶ್ರಯ ಎನ್ನುತ್ತದೆ. ಜೀವ ಅವಿದ್ಯೆಯನ್ನು, ಅವಿದ್ಯೆ ಜೀವನನ್ನು ನೆಚ್ಚಿಕೊಳ್ಳುತ್ತದೆ ಎಂಬ ಅನ್ಯೋನ್ಯಾಶ್ರಯದ ಆಕ್ಷೇಪಕ್ಕೆ ಭಾಮತಿಯ ಕಡೆಯವರು ಬೀಜ ಮತ್ತು ಮೊಳಕೆಯಂತೆ ಇದು ಅನಾದಿ, ಮೊದಲಿಲ್ಲದ್ದು, ಎಂದು ಸಮಾಧಾನ ಕೊಡುತ್ತಾರೆ. ಅನಾದಿ ಎಂದರೆ ‘ಯಾವುದು ಮೊದಲು’ ಎಂಬ ಕಾಲದ ತೊಡಕು ಬಿಡಬಹುದು, ಆದರೆ ಒಂದರ ಇರವಿಗೆ ಇನ್ನೊಂದು ಬೇಕೆಂಬ ತಾರ್ಕಿಕ ತೊಡಕೂ ಅಷ್ಟರಿಂದಲೇ ಬಿಡುತ್ತದೆಯೇ? ಇದು ಸಂಶಯ. ಒಂದು ಪ್ರಬಂಧವನ್ನು ಹೊರಬಲ್ಲ ಸಂಶಯ. ಆ ಶಿಕ್ಷಕಿ ಕೊನೆಗೆ ಇದನ್ನೇ ಹಿಡಿದು ಕೆಲಸ ಮಾಡಿದರು.

ಪೂರ್ವಪಕ್ಷವೆಂದರೆ ಹಿರಿಯರಿಗೆ ಅಗೌರವ ತೋರಿದಂತೆ ಎಂದು ಹಲವರು ಹಿಂಜರಿಯುತ್ತಾರೆ. ಈ ಅಂಜಿಕೆ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ವಿಜಯನಗರದ ಕಾಲದ ದ್ವೈತ ಪಂಡಿತರಾದ ವ್ಯಾಸತೀರ್ಥರು ‘ನ್ಯಾಯಾಮೃತ’ದಲ್ಲಿ ಜಗತ್ತು ಮಿಥ್ಯೆ ಎಂಬ ಮಾತನ್ನು ಖಂಡಿಸುವಾಗ, ಅದ್ವೈತಿಗಳು ಬೇರೆಬೇರೆ ಗ್ರಂಥಗಳಲ್ಲಿ ಕೊಟ್ಟ ಮಿಥ್ಯಾತ್ವದ ಐದು ಲಕ್ಷಣಗಳನ್ನು ಆಯ್ದು, ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದರು. ಅದ್ವೈತಿಗಳಾದ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಅದೇ ಐದನ್ನು ಸಮರ್ಥಿಸಿ ಉತ್ತರ ಬರೆದರು. ಎದುರಾಳಿಯ ಮಾತನ್ನು ಇಷ್ಟು ಶ್ರದ್ಧೆಯಿಂದ ಓದುವುದಕ್ಕಿಂತ ದೊಡ್ಡ ಗೌರವ ನನಗೆ ತಿಳಿದಿಲ್ಲ.

ವಚನಗಳ ಮೇಲೆ ಕೆಲಸ ಮಾಡುವವರಿಗೂ ದಾರಿ ಹೀಗೆಯೇ ತೆರೆದಿದೆ. ಶರಣರ ಸಂವಾದಗಳನ್ನು ವಚನಗಳಿಂದ ಹೆಣೆದ ಶೂನ್ಯಸಂಪಾದನೆಯಲ್ಲಿ ಸೊನ್ನಲಿಗೆಗೆ (ಇಂದಿನ ಸೊಲ್ಲಾಪುರಕ್ಕೆ) ಬರುವ ಅಲ್ಲಮಪ್ರಭು, ಕೆರೆ ಕಟ್ಟಿಸುವ, ಗುಡಿ ಎತ್ತಿಸುವ ಸಿದ್ಧರಾಮನನ್ನು ಪ್ರಶ್ನಿಸುತ್ತಾನೆ. ಅದೇ ಶರಣ ಪರಂಪರೆ ಕಾಯಕವನ್ನು ಎತ್ತಿ ಹಿಡಿಯುತ್ತದೆ. ಲೋಕಹಿತದ ಕೆಲಸವನ್ನು ಬಂಧನವನ್ನಾಗಿಸುವುದು ಯಾವುದು, ಕಾಯಕವನ್ನು ಬಂಧನದಿಂದ ಹೊರಗಿಡುವುದು ಯಾವುದು? ‘ಪ್ರಸ್ತುತತೆ’ ಎಂದು ಬರೆದು ಬಿಟ್ಟವರಿಗೆ ಈ ಪ್ರಶ್ನೆ ಕಾಣುವುದೇ ಇಲ್ಲ. ಇಷ್ಟು ಶ್ರೀಮಂತವಾದ ಸಾಮಗ್ರಿ ಕೈಯಲ್ಲಿದ್ದೂ ಹೀಗಾಗುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಒಂದು ಎಚ್ಚರಿಕೆ ಹೇಳಬೇಕು. ಹಸ್ತಪ್ರತಿ ಸಂಪಾದನೆ, ವಿಚಾರಗಳ ಇತಿಹಾಸ ಮುಂತಾದ ಕೆಲಸಗಳ ಸ್ವರೂಪ ಬೇರೆ. ನಾನು ಹೇಳುತ್ತಿರುವುದು ಅಲ್ಲಿಗೆ ಪೂರ್ತಿಯಾಗಿ ಹೊಂದದೆ ಇರಬಹುದು. ಪ್ರವೇಶದ ಕ್ರಮವೂ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ, ಆದ್ದರಿಂದ ಆಯಾ ಅಧಿಸೂಚನೆಯನ್ನೇ ನೋಡಿಕೊಳ್ಳಿ. ಪ್ರಶ್ನೆ ಮೊದಲ ದಿನವೇ ಸಿದ್ಧವಾಗಿರಬೇಕೆಂದೂ ನಾನು ಹೇಳುವುದಿಲ್ಲ, ಓದುತ್ತಾ ಅದು ಬದಲಾಗುವುದು ಸಹಜ. ಆದರೆ ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ವಿಸ್ತರಣೆಯಿಲ್ಲದೆ ಗರಿಷ್ಠ 6 ವರ್ಷ. ಪ್ರಶ್ನೆಯೇ ಇಲ್ಲದೆ ಟಿಪ್ಪಣಿ ಮಾಡುತ್ತಾ ಹೋದವರಿಗೆ ಈ ಅವಧಿ ಬಹಳ ಬೇಗ ಮುಗಿಯುತ್ತದೆ.

ಆದ್ದರಿಂದ ಮಾರ್ಗದರ್ಶಕರನ್ನು ಕಾಣಲು ಬರುವ ಮೊದಲು ಒಂದು ಪುಟ ಬರೆದುಕೊಂಡು ಬನ್ನಿ. ‘ಅಧ್ಯಯನ’, ‘ವಿಶ್ಲೇಷಣೆ’, ‘ಪ್ರಸ್ತುತತೆ’ ಎಂಬ ಪದಗಳನ್ನು ಬಳಸದೆ, ನಿಮಗೆ ಬಗೆಹರಿಯದಿರುವುದು ಏನು, ಅದರ ಬಗ್ಗೆ ಯಾರು ಏನು ಹೇಳಿದ್ದಾರೆ, ಆ ಉತ್ತರ ನಿಮಗೆ ಎಲ್ಲಿ ಸಾಲದಾಯಿತು ಎಂಬುದನ್ನು ಅದರಲ್ಲಿ ಹೇಳಿ. ಆ ಪುಟದಲ್ಲಿ ತಪ್ಪುಗಳಿದ್ದರೆ ಕುಳಿತು ತಿದ್ದೋಣ, ಅದಕ್ಕಾಗಿಯೇ ವಿಭಾಗ ಇರುವುದು.