ಧಾನ್ಯದ ಹಡಗಿನಲ್ಲಿ ಸಾಗುವ ನೀರು

ಒಂದು ಕಿಲೊ ಗೋಧಿ ಬೆಳೆಯಲು ಜಾಗತಿಕ ಸರಾಸರಿಯಲ್ಲಿ ಸುಮಾರು 1,800 ಲೀಟರ್ ನೀರು ಖರ್ಚಾಗುತ್ತದೆ. ಅದರಲ್ಲಿ ಬಹುಪಾಲು ಎಲೆಗಳಿಂದಲೂ ಮಣ್ಣಿನಿಂದಲೂ ಆವಿಯಾಗಿ ಹೋಗುತ್ತದೆ. ಕಾಳಿನಲ್ಲಿ ಉಳಿಯುವುದು ತೀರಾ ಅಲ್ಪ. ಗೋಧಿ ಆಮದು ಮಾಡಿಕೊಂಡ ದೇಶ ತನ್ನ ಅಷ್ಟು ನೀರನ್ನು ಉಳಿಸಿಕೊಂಡಂತೆ. ಭೂಗೋಳಶಾಸ್ತ್ರಜ್ಞ ಟೋನಿ ಆ್ಯಲನ್ 1990ರ ದಶಕದ ಆರಂಭದಲ್ಲಿ ಹೀಗೆ ಸರಕಿನ ಜೊತೆ ಕಾಣದಂತೆ ಸಾಗುವ ನೀರಿಗೆ ವರ್ಚುವಲ್ ವಾಟರ್ ಎಂದು ಹೆಸರಿಟ್ಟರು. ಮಧ್ಯಪ್ರಾಚ್ಯದ ದೇಶಗಳು ನೀರಿಗಾಗಿ ಯುದ್ಧಕ್ಕಿಳಿಯದಿರಲು ಧಾನ್ಯದ ಆಮದು ಒಂದು ಮುಖ್ಯ ಕಾರಣವೆಂದು ಅವರು ವಾದಿಸಿದರು.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದು ನೋಡಿದ್ದು ಸೌದಿ ಅರೇಬಿಯಾ. ನದಿಯೇ ಇಲ್ಲದ ಆ ನಾಡು ಸಬ್ಸಿಡಿ ಸುರಿದು, ಸಾವಿರಾರು ವರ್ಷಗಳ ಹಿಂದೆ ನೆಲದಾಳದಲ್ಲಿ ಸಂಗ್ರಹವಾದ ನೀರನ್ನು ಮೇಲೆತ್ತಿತು. ನಡುವಿನ ಕಂಬವೊಂದರ ಸುತ್ತ ತಿರುಗುವ ಉದ್ದನೆಯ ಕೊಳವೆಗಳು ನೀರು ಚಿಮುಕಿಸಿದಂತೆ ಮರಳಿನ ಮೇಲೆ ಹಸಿರು ವೃತ್ತಗಳು ಮೂಡಿದವು. ಉಪಗ್ರಹದ ಚಿತ್ರಗಳಲ್ಲಿ ಅವು ಇಂದಿಗೂ ಕಾಣುತ್ತವೆ. 1990ರ ಸುಮಾರಿಗೆ ದೇಶ ಗೋಧಿ ರಫ್ತನ್ನೂ ಮಾಡಿತು! ಆದರೆ ಮಳೆಯಿಂದ ಮರುಪೂರಣವಾಗದ ಆ ನೀರು ಒಮ್ಮೆ ತೆಗೆದರೆ ಮುಗಿಯಿತು, ತೈಲದ ಹಾಗೆಯೇ. 2008ರಲ್ಲಿ ಸರ್ಕಾರ ಸ್ಥಳೀಯ ಗೋಧಿ ಖರೀದಿಯನ್ನು ಹಂತಹಂತವಾಗಿ ಇಳಿಸಲು ನಿರ್ಧರಿಸಿತು. 2016ರಲ್ಲಿ ಖರೀದಿ ನಿಂತಿತು.

ನಿರ್ಧಾರ ಸರಿಯಾಗಿತ್ತು, ಹೊತ್ತು ಸರಿಯಿರಲಿಲ್ಲ. ಅದೇ 2007–08ರಲ್ಲಿ ಹಲವು ದೇಶಗಳು ಧಾನ್ಯದ ರಫ್ತಿಗೆ ತಡೆಯೊಡ್ಡಿದವು. ಅಕ್ಕಿಯ ಬೆಲೆ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಮಾರುಕಟ್ಟೆಯನ್ನು ನಂಬಲಾಗದ ಶ್ರೀಮಂತ ದೇಶಗಳು ಹೊರನಾಡುಗಳಲ್ಲಿ ಜಮೀನು ಹುಡುಕತೊಡಗಿದವು. ಸೌದಿಯ ಡೇರಿ ಕಂಪನಿಯೊಂದು 2014ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಸುಮಾರು 4,000 ಹೆಕ್ಟೇರ್ ಕೊಂಡು, ತನ್ನ ಹಸುಗಳಿಗೆ ಕುದುರೆ ಮಸಾಲೆ (ಆಲ್ಫಾಲ್ಫಾ) ಎಂಬ ಮೇವು ಬೆಳೆಯಿತು. ಅದೂ ಮರುಭೂಮಿಯೇ, ಆ ಭಾಗದಲ್ಲಿ ಅಂತರ್ಜಲ ಎತ್ತಲು ಮಿತಿಯೇ ಇರಲಿಲ್ಲ. ಒಂದು ಮರುಭೂಮಿಯ ನೀರು ಉಳಿಸಲು ಇನ್ನೊಂದರ ನೀರು ಬಸಿಯಿತು. ಹೀಗೆ ನೀರೆತ್ತಲು ಮಿತಿ ಹಾಕುವ ನಿಯಮವೇ ಅಲ್ಲಿರಲಿಲ್ಲ ಎಂಬುದೇ ನನ್ನನ್ನು ಕಂಗೆಡಿಸುವ ಸಂಗತಿ.

ಮನುಷ್ಯರು ನದಿ, ಕೆರೆ, ಬಾವಿಗಳಿಂದ ತೆಗೆಯುವ ಸಿಹಿನೀರಿನ ಶೇ 70ರಷ್ಟು ಕೃಷಿಗೇ ಹೋಗುತ್ತದೆ. ಆದರೂ ಧಾನ್ಯದ ಬೆಲೆಯಲ್ಲಿ ಅಂತರ್ಜಲ ಬರಿದಾದ ಲೆಕ್ಕವಿಲ್ಲ. ವಿಶ್ವ ವ್ಯಾಪಾರ ಸಂಸ್ಥೆ 2015ರಲ್ಲಿ ನೈರೋಬಿಯಲ್ಲಿ ಕೃಷಿ ರಫ್ತು ಸಬ್ಸಿಡಿಗಳನ್ನು ಕೊನೆಗಾಣಿಸಲು ಒಪ್ಪಿತು. ಪಂಪಿಗೆ ಅಗ್ಗದ ವಿದ್ಯುತ್ ಕೊಟ್ಟು ನೀರೆತ್ತಿಸುವುದೂ ರಫ್ತಿಗೆ ಕೊಟ್ಟ ನೆರವೇ ಎಂದು ನಾನು ಭಾವಿಸುತ್ತೇನೆ. ಅದನ್ನೂ ಮಾತುಕತೆಯ ಮೇಜಿಗೆ ತರಬೇಕು. ಜೊತೆಗೆ ರಫ್ತು ನಿಷೇಧಕ್ಕೂ ಕಡಿವಾಣ ಬೇಕು. ಹಡಗು ಬಂದೇ ಬರುತ್ತದೆಂಬ ಭರವಸೆ ಇಲ್ಲದಿದ್ದರೆ, ಬರಡು ನೆಲದ ಯಾವ ದೇಶವೂ ತನ್ನ ಕೊಳವೆಬಾವಿಗಳನ್ನು ಮುಚ್ಚಲು ಮುಂದಾಗದು. 2022ರಲ್ಲಿ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಮಾನವೀಯ ನೆರವಿಗೆ ಕೊಳ್ಳುವ ಆಹಾರಕ್ಕೆ ಮಾತ್ರ ಇಂಥ ನಿರ್ಬಂಧಗಳಿಂದ ವಿನಾಯಿತಿ ಸಿಕ್ಕಿತು. ಉಳಿದ ವ್ಯಾಪಾರಕ್ಕೆ ಅಂಥ ರಕ್ಷಣೆ ಇನ್ನೂ ಸಿಕ್ಕಿಲ್ಲ.